ಕೊಲೆಗೆ ಕಾನೂನಿನ ರಿಯಾಯಿತಿ

ಕೊಲೆಗಾರನಿಗೆ ಕನಿಷ್ಠ 21 ವರ್ಷಗಳ ಸಜೆ ವಿಧಿಸುತ್ತಿದ್ದ ಇಟಲಿಯ ದಂಡ ಸಂಹಿತೆ ಒಂದು ಬಗೆಯ ಕೊಲೆಯ ವಿಷಯದಲ್ಲಿ ಮಾತ್ರ ಬಹಳ ಉದಾರವಾಗಿತ್ತು. ಹೆಂಡತಿ, ಮಗಳು ಅಥವಾ ಸೋದರಿಯ ಅನೈತಿಕ ಸಂಬಂಧವನ್ನು ಕಂಡು, ಕುಟುಂಬದ ಗೌರವಕ್ಕೆ ಧಕ್ಕೆಯಾಯಿತೆಂಬ ಕೋಪದ ಭರದಲ್ಲಿ ಅವಳನ್ನು ಕೊಂದವನಿಗೆ ಮೂರರಿಂದ ಏಳು ವರ್ಷಗಳ ಶಿಕ್ಷೆ ಸಾಕೆಂದು 1930ರಲ್ಲಿ, ಮುಸೊಲಿನಿಯ ಆಳ್ವಿಕೆಯಲ್ಲಿ ರೂಪುಗೊಂಡ ಸಂಹಿತೆಯ 587ನೆಯ ಕಲಂ ಹೇಳುತ್ತಿತ್ತು. ಫ್ಯಾಸಿಸ್ಟ್ ಆಡಳಿತ ಕುಸಿದು ಗಣರಾಜ್ಯ ಬಂದ ಮೇಲೂ ಕಲಂ ಅಲುಗಲಿಲ್ಲ. ಇತ್ತ ಕ್ಯಾಥೊಲಿಕ್ ಚರ್ಚಿನ ಬಿಗಿಹಿಡಿತದಲ್ಲಿದ್ದ ಆ ದೇಶದಲ್ಲಿ ವಿಚ್ಛೇದನಕ್ಕೆ ಅವಕಾಶವೇ ಇರಲಿಲ್ಲ. ಹೆಂಡತಿಯನ್ನು ಬಿಡುವುದಕ್ಕಿಂತ ಕೊಲ್ಲುವುದು ಸುಲಭವಾಗಿದ್ದ ಈ ವಿಪರೀತವನ್ನೇ ಪಿಯೆಟ್ರೊ ಜೆರ್ಮಿ 1961ರಲ್ಲಿ 'ಡಿವೋರ್ಸ್ ಇಟಾಲಿಯನ್ ಸ್ಟೈಲ್' ಎಂಬ ಚಿತ್ರವಾಗಿಸಿದ.

ಸಿಸಿಲಿಯ ಪುಟ್ಟ ಊರೊಂದರಲ್ಲಿ ಆಸ್ತಿ ಕರಗಿ, ಬಿರುದಷ್ಟೇ ಉಳಿದಿರುವ ಬ್ಯಾರನ್ ಫೆಫೆ. ಪಾತ್ರಧಾರಿ ಮಾರ್ಚೆಲ್ಲೊ ಮಾಸ್ಟ್ರೊಯಾನಿ. ಎಣ್ಣೆ ಸವರಿ ಬಾಚಿದ ತಲೆಗೂದಲು, ಅರೆಮುಚ್ಚಿದ ಕಣ್ಣು, ಆಗಾಗ ಬಾಯಿಯ ಅಂಚಿನಲ್ಲಿ ಲೊಚಗುಟ್ಟುವ ಚಾಳಿ. ಹೆಂಡತಿ ರೊಸಾಲಿಯಾ ಅವನನ್ನು ಬಿಟ್ಟೂಬಿಡದೆ ಪ್ರೀತಿಸುತ್ತಾಳೆ. 'ನನ್ನನ್ನು ಎಷ್ಟು ಪ್ರೀತಿಸುತ್ತೀ' ಎಂದು ಹೊತ್ತಿಲ್ಲದ ಹೊತ್ತಿನಲ್ಲಿ ಪೀಡಿಸುತ್ತಾಳೆ. ಅವನ ಮನಸ್ಸಾದರೋ ಹದಿನಾರರ ಹರೆಯದ ಸೋದರ ಸಂಬಂಧಿ ಆಂಜೆಲಾಳ ಮೇಲೆ. ಹೆಂಡತಿಗೆ ಒಬ್ಬ ಪ್ರಿಯಕರನನ್ನು ತಾನೇ ಹುಡುಕಿಕೊಟ್ಟು, ಇಬ್ಬರನ್ನೂ ಒಟ್ಟಿಗೆ ಹಿಡಿದು, 'ಕೋಪದ ಭರದಲ್ಲಿ' ಅವಳನ್ನು ಮುಗಿಸಿದರೆ ಮೂರೇ ವರ್ಷ ಎಂಬುದು ಅವನ ಲೆಕ್ಕ. ಅವಳ ಹಳೆಯ ಪ್ರೇಮಿ, ಚಿತ್ರಕಾರ ಕಾರ್ಮೆಲೊನನ್ನು ಚಾವಣಿಯ ಚಿತ್ರಗಳ ದುರಸ್ತಿಯ ನೆಪದಲ್ಲಿ ಮನೆಗೇ ಕರೆಸುತ್ತಾನೆ. ಅವರ ಮಾತು ಆಲಿಸಲು ಟೇಪ್ ರೆಕಾರ್ಡರ್ ಅಡಗಿಸಿಡುತ್ತಾನೆ. ಕೊಲೆ ಮಾಡುವ ಮೊದಲೇ, ನಾಳೆ ತನ್ನ ಪರ ವಕೀಲ ಮಾಡಲಿರುವ ವಾದ ಅವನ ಕಿವಿಯಲ್ಲಿ ಮೊಳಗುತ್ತಿರುತ್ತದೆ.

ನನ್ನ ಮಟ್ಟಿಗೆ ಚಿತ್ರದ ತಿರುಳು ಇರುವುದು ಈ ಸಿದ್ಧತೆಯಲ್ಲಿ. ಕಾನೂನು ಕ್ಷಮಿಸಲು ಸಿದ್ಧವಿದ್ದದ್ದು ಹಠಾತ್ ಕೋಪವನ್ನು. ಫೆಫೆಯಲ್ಲಿ ಕೋಪವೊಂದನ್ನು ಬಿಟ್ಟು ಉಳಿದೆಲ್ಲವೂ ಇದೆ. ಕೋಪಕ್ಕೆ ರಿಯಾಯಿತಿ ಇದೆಯೆಂದು ತಿಳಿದವನು ಕೋಪವನ್ನು ನಟಿಸಲು ಕಲಿಯುತ್ತಾನೆ. ಗಂಭೀರ ಚಿತ್ರವನ್ನೇ ಮಾಡಹೊರಟಿದ್ದ ಜೆರ್ಮಿ ಕೊನೆಗೆ ಹಾಸ್ಯದತ್ತ ಹೊರಳಿದ್ದು ಸರಿಯಾಯಿತು. ಇಂಥ ಕಾನೂನನ್ನು ಗಂಭೀರವಾಗಿ ಖಂಡಿಸಲು ಹೊರಟರೆ ಅದಕ್ಕೆ ಇಲ್ಲದ ಘನತೆಯನ್ನು ತಂದುಕೊಟ್ಟಂತಾಗುತ್ತಿತ್ತು. ಚಿತ್ರಕಥೆಗೆ ಆಸ್ಕರ್ ಬಂತು. ಅಷ್ಟೇ ಅಲ್ಲ, ಈ ಚಿತ್ರದ ಹೆಸರಿನಿಂದಲೇ ಆ ಕಾಲದ ಇಡೀ ಇಟಾಲಿಯನ್ ಹಾಸ್ಯಚಿತ್ರಗಳ ಪರಂಪರೆಗೆ ಹೆಸರು ಬಿತ್ತು.

ಆದರೆ ಚಿತ್ರದ ಹೆಸರು ಅರ್ಧಸತ್ಯವನ್ನಷ್ಟೇ ಹೇಳುತ್ತದೆ. ವಿಚ್ಛೇದನವಿಲ್ಲದ್ದರಿಂದ ಕೊಲೆ ಎಂಬುದು ಅದರ ತರ್ಕ. ಹಾಗಿದ್ದರೆ ಮಗಳನ್ನೂ ಸೋದರಿಯನ್ನೂ ಕಾನೂನು ಅದೇ ಪಟ್ಟಿಯಲ್ಲಿ ಸೇರಿಸಿದ್ದೇಕೆ? ಅವರಿಂದ ವಿಚ್ಛೇದನ ಪಡೆಯುವ ಪ್ರಶ್ನೆಯೇ ಇಲ್ಲವಲ್ಲ! ವಿಚ್ಛೇದನ ಕಾಯ್ದೆ 1970ರ ಡಿಸೆಂಬರಿನಲ್ಲಿ ಬಂತು. ಅದನ್ನು ರದ್ದುಪಡಿಸಬೇಕೆಂದು 1974ರಲ್ಲಿ ನಡೆದ ಜನಮತಗಣನೆಯಲ್ಲಿ ಶೇ 59ರಷ್ಟು ಮತದಾರರು ಕಾಯ್ದೆಯ ಪರ ನಿಂತರು. ಬೇಡದ ಮದುವೆಯಿಂದ ಹೊರಬರುವ ಬಾಗಿಲು ಹೀಗೆ ತೆರೆದುಕೊಂಡ ಮೇಲೂ 587ನೆಯ ಕಲಂ ಉಳಿದೇ ಇತ್ತು. ಅದು ತೊಲಗಿದ್ದು 1981ರಲ್ಲಿ; ಚಿತ್ರ ತೆರೆಕಂಡ ಇಪ್ಪತ್ತು ವರ್ಷಗಳ ಮೇಲೆ. ಸಿನಿಮಾವೊಂದು ಕಾನೂನನ್ನು ಬದಲಿಸಿತೆಂದು ಬರೆಯುವವರು ಈ ಇಪ್ಪತ್ತು ವರ್ಷಗಳನ್ನು ಮರೆಯುತ್ತಾರೆ.

ಪ್ರಶ್ನೆ ಇದ್ದದ್ದು ಮದುವೆಯದಲ್ಲ, ಒಡೆತನದ್ದು. ಚಿತ್ರದೊಳಗಿನ ಊರಿಗೆ ಇದು ಚೆನ್ನಾಗಿ ಗೊತ್ತು. ರೊಸಾಲಿಯಾ ಓಡಿಹೋದೊಡನೆ ಫೆಫೆಗೆ ಅನಾಮಧೇಯ ಪತ್ರಗಳ ಸುರಿಮಳೆ. ಅವನು ಅವನ್ನು ಸಾಕ್ಷ್ಯವೆಂದು ಜೋಪಾನ ಮಾಡುತ್ತಾನೆ. ಅವನ ತಂಗಿಗೆ ಗೊತ್ತಾಗಿದ್ದ ಸಂಬಂಧ ಮುರಿಯುತ್ತದೆ. ಹೆಣ್ಣಿನ ವಿಮೋಚನೆಯ ಬಗ್ಗೆ ಮಾತಾಡಲು ಉತ್ತರದಿಂದ ಬಂದ ಕಮ್ಯುನಿಸ್ಟ್ ಕಾರ್ಯಕರ್ತ ಸಭೆಯ ಅಭಿಪ್ರಾಯ ಕೇಳಿದರೆ, ಕೆಂಪು ಬಾವುಟದಡಿ ಕುಳಿತ ಗಂಡಸರು ಒಕ್ಕೊರಲಿನಿಂದ ಅವಳನ್ನು ಸೂಳೆಯೆನ್ನುತ್ತಾರೆ. ಚರ್ಚಿಗೂ ಪಕ್ಷಕ್ಕೂ ಒಮ್ಮತವಿದ್ದ ವಿಷಯ ಪ್ರಾಯಶಃ ಇದೊಂದೇ. ಕನ್ನಡ ಪತ್ರಿಕೆಗಳು ಇಂಥ ಕೊಲೆಯನ್ನು 'ಮರ್ಯಾದೆಗೇಡು ಹತ್ಯೆ' ಎಂದು ಬರೆಯುವುದು ಈ ದೃಷ್ಟಿಯಿಂದ ದೊಡ್ಡ ಸಂಗತಿ. ಕೊಂದವನು ಬಳಸುವ ಪದವನ್ನು ನಮ್ಮ ನುಡಿ ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಇಟಲಿಯ ಸಂಹಿತೆಯಲ್ಲಿ ಗೌರವವೆಂಬ ಅವನ ಪದವೇ ಕಾನೂನಿನ ಭಾಷೆಯಾಗಿತ್ತು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ಒಂದು ಕಿರಿಕಿರಿ ಉಳಿಯುತ್ತದೆ. ಕತೆಯ ನಿರೂಪಕ ಫೆಫೆ. ಹೀಗಾಗಿ ರೊಸಾಲಿಯಾಳನ್ನು ನಾವೂ ಅವನ ಕಣ್ಣಿನಿಂದಲೇ ನೋಡುತ್ತೇವೆ. ಚೆಲುವೆಯಾಗಿದ್ದ ಡೇನಿಯೆಲಾ ರೊಕ್ಕಾಳಿಗೆ ಮೇಲ್ದುಟಿಯ ಮೇಲೆ ರೋಮ ಬಳಿದು, ಹುಬ್ಬುಗಳನ್ನು ಕೂಡಿಸಿ ಕುರೂಪಿಯಾಗಿಸಿದ್ದಾರೆ. ಅವಳನ್ನು ಸಾಬೂನು ಕಾಯಿಸುವ ಕೊಪ್ಪರಿಗೆಗೆ ನೂಕುವುದನ್ನೂ ರಾಕೆಟ್ಟಿನಲ್ಲಿ ಆಕಾಶಕ್ಕೆ ಹಾರಿಸುವುದನ್ನೂ ಫೆಫೆ ಕಲ್ಪಿಸಿಕೊಳ್ಳುವಾಗ ಪ್ರೇಕ್ಷಕರು ನಗುತ್ತಾರೆ, ನಾನೂ ನಕ್ಕಿದ್ದೇನೆ. ಜೆರ್ಮಿ ನಮ್ಮನ್ನು ಬೇಕೆಂದೇ ಅಪರಾಧದ ಪಾಲುದಾರರನ್ನಾಗಿ ಮಾಡುತ್ತಾನೆಂದು ವಿಮರ್ಶಕರು ಸಮರ್ಥಿಸಬಹುದು. ಸಮರ್ಥನೆ ಸುಳ್ಳಲ್ಲ. ಆದರೂ ಅಂತ್ಯದಲ್ಲಿ ಫೆಫೆಗೆ ದೊರೆಯುವ ಶಿಕ್ಷೆಯೆಂದರೆ, ಸೆರೆಯಿಂದ ಹೊರಬಂದು ಆಂಜೆಲಾಳನ್ನು ವರಿಸಿ ದೋಣಿಯಲ್ಲಿ ಬಿಸಿಲು ಕಾಯುವಾಗ, ಚುಕ್ಕಾಣಿ ಹಿಡಿದ ಯುವಕನ ಪಾದವನ್ನು ಅವಳ ಪಾದ ಸವರುವುದು. ಅಂದರೆ ಸತ್ತವಳ ಪರವಾಗಿ ಸೇಡು ತೀರುವುದೂ ಇನ್ನೊಬ್ಬ ಹೆಣ್ಣಿನ ಚಂಚಲತೆಯಿಂದಲೇ. ಗಂಡನ ಕಣ್ಣಳತೆಯಾಚೆ ರೊಸಾಲಿಯಾ ಏನು ಮಾತಾಡುತ್ತಿದ್ದಳೆಂಬುದು ನಮಗೆ ಕೇಳಿಸುವುದು ಅವನು ಕದ್ದು ಧ್ವನಿಮುದ್ರಿಸಿದ ಆ ಟೇಪಿನಲ್ಲಿ. ಅದನ್ನು ಕೂಡ ಕಿವಿಗೊಟ್ಟು ಕೇಳುತ್ತಿರುವವನು ಫೆಫೆಯೇ.