ಪರಿಚಯವೇ ಬಂಡವಾಳವಾದಾಗ

ಹುನಗುಂದದಿಂದ ಇಳಕಲ್ಲಿನತ್ತ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಸಾಗುವವರು ರಸ್ತೆಯ ಇಕ್ಕೆಲಗಳಲ್ಲಿ ಸುಣ್ಣ ಬಳಿದ ಗಡಿಗಲ್ಲುಗಳನ್ನೂ ಬಣ್ಣಬಣ್ಣದ ಫಲಕಗಳನ್ನೂ ಕಾಣುತ್ತಾರೆ. ನಿನ್ನೆಯವರೆಗೆ ಜೋಳ, ಕಡಲೆ ಬೆಳೆಯುತ್ತಿದ್ದ ಎರೆಭೂಮಿ ಇಂದು ‘ಪ್ಲಾಟು’ಗಳಾಗಿ ವಿಂಗಡಗೊಂಡಿದೆ. ಫಲಕದ ಮೇಲೆ ಒಂದು ದೂರವಾಣಿ ಸಂಖ್ಯೆ ಇರುತ್ತದೆ. ಆದರೆ ಆ ಸಂಖ್ಯೆಗೆ ಕರೆ ಮಾಡಿ ನಿವೇಶನ ಕೊಳ್ಳುವವರು ವಿರಳ. ನಮ್ಮ ಭಾಗದಲ್ಲಿ ನೆಲದ ವ್ಯಾಪಾರ ನಡೆಯುವುದು ಫಲಕದಿಂದಲ್ಲ, ಪರಿಚಯದಿಂದ. ಮದುವೆಯ ಚಪ್ಪರದಲ್ಲಿ, ಚಹಾದ ಅಂಗಡಿಯಲ್ಲಿ, ಸಾವಿನ ಮನೆಯ ಕಟ್ಟೆಯ ಮೇಲೆ, ಹಾಗೂ ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಅದರ ಬೀಜ ಬೀಳುತ್ತದೆ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕಾಗಿ, ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡಲು ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ನಿರ್ಧರಿಸಿತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಅಣೆಕಟ್ಟು ಹಳೆಯ ಬಾಗಲಕೋಟೆಯ ಓಣಿಗಳನ್ನು ಬರಿದು ಮಾಡಿ ನವನಗರವನ್ನು ಕಟ್ಟಿಸಿದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಮುಳುಗಡೆಯ ಸಂತ್ರಸ್ತನ ಸ್ಥಿತಿ ವಿಚಿತ್ರವಾದುದು. ಅವನ ಕೈಯಲ್ಲಿ ಹಣವಿರುತ್ತದೆ, ಕಾಲ ಕೆಳಗೆ ನೆಲವಿರುವುದಿಲ್ಲ. ಹಣ ಕರಗುವ ಮೊದಲು ಎಲ್ಲಿಯಾದರೂ ಒಂದು ತುಂಡು ಭೂಮಿ ಹಿಡಿಯಬೇಕೆಂಬ ಆತುರ ಅವನನ್ನು ಕಾಡುತ್ತದೆ. ಪರಿಹಾರದ ಮಾತು ಕೇಳಿಬಂದಲ್ಲಿ ನಿವೇಶನದ ಮಾತೂ ಕೇಳಿಬರುವುದು ಸಹಜ. ಅಂಥ ಹೊತ್ತಿನಲ್ಲಿ ಮನೆಬಾಗಿಲಿಗೆ ಬರುವವನು ಅಪರಿಚಿತನಲ್ಲ, ನಮ್ಮವನೇ.

ಹಾಗೆಂದು ಮಧ್ಯವರ್ತಿಯನ್ನು ಖಳನಾಯಕನಂತೆ ಚಿತ್ರಿಸುವುದು ನ್ಯಾಯವಾಗದು. ಅವನ ಕೆಲಸವೂ ಒಂದು ಕಾಯಕವೇ. ಯಾವ ಹೊಲದ ಉತಾರ ಯಾರ ಹೆಸರಿನಲ್ಲಿದೆ, ಯಾವ ಅಣ್ಣತಮ್ಮಂದಿರಲ್ಲಿ ಇನ್ನೂ ವಾಟ್ನಿಯಾಗಿಲ್ಲ, ಯಾವ ಬದುವಿನ ಬಗ್ಗೆ ತಕರಾರಿದೆ, ಮಳೆಗಾಲದಲ್ಲಿ ಯಾವ ತಗ್ಗಿನಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಬಲ್ಲವನು ಅವನೇ. ಮಾರುವವನಿಗೂ ಕೊಳ್ಳುವವನಿಗೂ ಸೇತುವೆಯಾಗಿ ನಿಂತು ಶೇಕಡಾ 1 ಅಥವಾ 2ರಷ್ಟು ದಲ್ಲಾಳಿ ಪಡೆಯುವುದರಲ್ಲಿ ಪಾಪವೇನೂ ಇಲ್ಲ.

ಅವನ ವ್ಯಾಪಾರ ಬೆಳೆಯುವ ಬಗೆಯನ್ನು ಮಾತ್ರ ನಾವು ತಿಳಿದಿರಬೇಕು. ಬಟ್ಟೆಯ ವ್ಯಾಪಾರಿಗೆ ಅಂಗಡಿ ಇದೆ, ಗ್ರಾನೈಟ್ ಉದ್ಯಮಿಗೆ ಗಣಿ ಇದೆ. ಭೂಮಿಯ ಮಧ್ಯವರ್ತಿಗೆ ಇರುವುದು ಸಂಬಂಧಗಳು ಮಾತ್ರ. ಆದುದರಿಂದ ಅವನು ತನ್ನ ದುಡಿಮೆಯ ಹೊತ್ತನ್ನು ಸಂಬಂಧಗಳಲ್ಲಿ ಹೂಡುತ್ತಾನೆ. ಕರೆಯದ ಮದುವೆಗೂ ಉಡುಗೊರೆಯೊಡನೆ ಬರುತ್ತಾನೆ. ಆಸ್ಪತ್ರೆಗೆ ಹೋಗಬೇಕಾದವರಿಗೆ ತನ್ನ ವಾಹನ ಕಳಿಸುತ್ತಾನೆ. ಯುವಕರ ಕ್ರಿಕೆಟ್ ಪಂದ್ಯಾಟಕ್ಕೆ ಬಹುಮಾನ, ದೇವಾಲಯದ ಹಬ್ಬಕ್ಕೆ ದೀಪಾಲಂಕಾರ, ಹೊಸ ವರ್ಷಕ್ಕೆ ಮರಿಯ ಮಾತೆಯ ಚಿತ್ರವಿರುವ ಕ್ಯಾಲೆಂಡರ್ ಇವೆಲ್ಲ ಅವನ ಕೊಡುಗೆಗಳು. ಜೊತೆಗೆ ಚಹಾದಂಗಡಿಯವನು, ದಸ್ತಾವೇಜು ಬರೆಯುವವನು, ನಿವೃತ್ತ ಶಿಕ್ಷಕ, ಕೆಲವೊಮ್ಮೆ ನಮ್ಮ ಉಪದೇಶಿ ಇವರೆಲ್ಲ ಗಿರಾಕಿಯ ಸುಳಿವು ಕೊಟ್ಟು ಒಂದು ಸಣ್ಣ ಪಾಲು ಪಡೆಯುವವರಾಗುತ್ತಾರೆ. ಈ ಪಾಲಿನ ವಿಚಾರ ಕೊಳ್ಳುವವನಿಗೆ ತಿಳಿಯುವುದಿಲ್ಲ. ಹಿತೈಷಿಯ ಸಲಹೆಯೆಂದು ಅವನು ಕೇಳಿದ ಮಾತಿಗೆ ಇನ್ನೊಬ್ಬರು ಬೆಲೆ ಕಟ್ಟಿರುತ್ತಾರೆ.

ನಮ್ಮಂಥ ಸಣ್ಣ ಸಮುದಾಯದಲ್ಲಿ ಈ ಕ್ರಮಕ್ಕೆ ಬಲ ಹೆಚ್ಚು. ಈ ಭಾಗದಲ್ಲಿ ಕಥೋಲಿಕ ಕುಟುಂಬಗಳು ಬೆರಳೆಣಿಕೆಯಷ್ಟು. ಮುದಗಲ್ಲಿನ ಹಳೆಯ ಕ್ರೈಸ್ತ ಮನೆತನಗಳ ನೆಂಟರು, ಶಿಕ್ಷಕಿಯಾಗಿಯೋ ದಾದಿಯಾಗಿಯೋ ಬ್ಯಾಂಕಿನ ನೌಕರನಾಗಿಯೋ ಮಂಗಳೂರು, ಬೆಳಗಾವಿ, ಗೋವೆಯ ಕಡೆಯಿಂದ ಬಂದು ನೆಲೆಸಿದವರು, ಹೀಗೆ ಎಲ್ಲರೂ ಎಲ್ಲರನ್ನೂ ಬಲ್ಲರು. ಪಿತ್ರಾರ್ಜಿತ ಹೊಲವಿಲ್ಲದ ಇವರಿಗೆ ನಿವೃತ್ತಿಯ ಹೊತ್ತಿಗೆ ಸ್ವಂತದ್ದೊಂದು ಸೂರು ಬೇಕೆಂಬುದು ಜೀವಮಾನದ ಹಂಬಲ. ಅಲ್ಪಸಂಖ್ಯಾತರಿಗೆ ಸಹಜವಾದ ಅಳುಕೂ ಜೊತೆಗಿರುತ್ತದೆ. ‘ನಮ್ಮವರ ಮೂಲಕವೇ ಕೊಂಡರೆ ಮೋಸವಾಗದು’ ಎಂಬ ನಂಬಿಕೆಯೇ ಇಲ್ಲಿ ತನಿಖೆಯ ಸ್ಥಾನವನ್ನು ಆಕ್ರಮಿಸುತ್ತದೆ.

ನಾನು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ ನಡೆದುದನ್ನು ಹೇಳಬೇಕು. ವಿಧವೆಯಾದ ನಿವೃತ್ತ ದಾದಿಯೊಬ್ಬರು ತಮ್ಮ ನಿವೃತ್ತಿ ಹಣದ ಬಹುಪಾಲನ್ನು ನಿವೇಶನವೊಂದಕ್ಕೆ ಕೊಟ್ಟರು. ವ್ಯವಹಾರ ಕುದುರಿಸಿದವರು ನಮ್ಮ ಧರ್ಮಕೇಂದ್ರದವರೇ, ಆಕೆಯ ಮಗನ ದೀಕ್ಷಾಸ್ನಾನದಲ್ಲಿ ಜ್ಞಾನಪಿತರಾಗಿ ನಿಂತವರು. ಆಕೆಗೆ ದೊರೆತದ್ದು ಬಾಂಡ್ ಕಾಗದದ ಮೇಲಿನ ಒಂದು ಬರಹ ಮಾತ್ರ. ಆ ಹೊಲ ಬಿನಶೇತ್ಕಿಯಾಗಿರಲಿಲ್ಲ. ಮಾಲೀಕನ ಸಹೋದರಿಯರು ಸಹಿ ಮಾಡಿರಲಿಲ್ಲ, ಮುಂದೆ ಅವರು ತಮ್ಮ ಪಾಲಿಗಾಗಿ ನ್ಯಾಯಾಲಯಕ್ಕೆ ಹೋದರು. ಮಧ್ಯವರ್ತಿಯು ಮೋಸ ಮಾಡಬೇಕೆಂದು ಹೊರಟವರಲ್ಲವೆಂದು ನಾನು ಇಂದಿಗೂ ನಂಬುತ್ತೇನೆ. ಆಕೆಯ ಪತಿ ಹಾಸಿಗೆ ಹಿಡಿದಾಗ ರಾತ್ರಿಗಳನ್ನು ಅವರ ಬಳಿ ಕಳೆದವರು ಅವರು. ಆದರೆ ಅವರೂ ಕಾಗದಪತ್ರ ನೋಡಿರಲಿಲ್ಲ, ಮಾಲೀಕನಿಂದ ತಮಗೆ ದಲ್ಲಾಳಿ ಸಂದಿರುವುದನ್ನು ಆಕೆಗೆ ತಿಳಿಸಿರಲೂ ಇಲ್ಲ.

ದಾಖಲೆಗಳನ್ನೇಕೆ ಕೇಳಲಿಲ್ಲವೆಂದು ನಾನು ವಿಚಾರಿಸಿದಾಗ ಆಕೆ ಹೇಳಿದ ಮಾತು ನನ್ನನ್ನು ಬಿಟ್ಟುಹೋಗಿಲ್ಲ. “ಹಬ್ಬದ ದಿನ ನೀವ ಅವರ ಹೆಸರು ತೊಗೊಂಡು ಆಶೀರ್ವಾದ ಮಾಡಿದ್ರಿ, ಫಾದರ್. ಅಂಥವರಿಗೆ ಕಾಗದಪತ್ರ ತೋರಸ್ರಿ ಅಂತ ಹೆಂಗ ಕೇಳಲಿ?”

ಮಾತು ಸತ್ಯವಾಗಿತ್ತು. ಆ ವರ್ಷ ಹಬ್ಬದ ಖರ್ಚಿಗೆ ಅವರು ಧಾರಾಳವಾಗಿ ಕೊಟ್ಟಿದ್ದರು. ಅವರ ವ್ಯವಹಾರದ ಫಲಕ ದೇವಾಲಯದ ಗೇಟಿನ ಬಳಿ ಎರಡು ವಾರ ತೂಗಿತ್ತು. ನಾನು ಬಲಿಪೀಠದ ಬಳಿ ನಿಂತು ಅವರಿಗೆ ಕೃತಜ್ಞತೆ ಅರ್ಪಿಸಿದ್ದೆ. ದಾನಿಗೆ ಸಲ್ಲಿಸಿದ ವಂದನೆಯೆಂದು ನಾನು ಭಾವಿಸಿದ್ದನ್ನು ಆ ತಾಯಿ ಜಾಮೀನೆಂದು ಭಾವಿಸಿದ್ದರು. ತಪ್ಪು ಆಕೆಯದಲ್ಲ. ಈಗ ಆಕೆ ಭಾನುವಾರದ ಪೂಜೆಗೆ ನೆರೆಯೂರಿಗೆ ಹೋಗುತ್ತಾರೆಂದು ಕೇಳಿದ್ದೇನೆ. ಹಣದ ನಷ್ಟವನ್ನು ನ್ಯಾಯಾಲಯ ಒಂದು ದಿನ ಭಾಗಶಃ ತುಂಬಿಕೊಟ್ಟೀತು. ಒಂದೇ ಬಲಿಪೀಠದ ಮುಂದೆ ಕುಳಿತುಕೊಳ್ಳಲಾರದ ಎರಡು ಮನೆಗಳ ನಡುವಿನ ನಷ್ಟವನ್ನು ಯಾವ ನ್ಯಾಯಾಲಯ ತುಂಬಬಲ್ಲದು?

ಅರಿಸ್ಟಾಟಲನು ತನ್ನ ನೀತಿಶಾಸ್ತ್ರ ಗ್ರಂಥದ ಎಂಟನೆಯ ಭಾಗದಲ್ಲಿ ಸ್ನೇಹವನ್ನು ಪ್ರಯೋಜನಕ್ಕಾಗಿ, ಸಂತೋಷಕ್ಕಾಗಿ, ಸದ್ಗುಣಕ್ಕಾಗಿ ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ದೂರುಗಳು ಹುಟ್ಟುವುದು ಮುಖ್ಯವಾಗಿ ಪ್ರಯೋಜನದ ಸ್ನೇಹದಲ್ಲಿ ಎಂಬುದು ಅವನ ಅಭಿಪ್ರಾಯ. ಕೊಡುವಾಗ ಆತ್ಮೀಯತೆಯ ಭಾವದಿಂದ ಕೊಟ್ಟು, ಮುರಿಯುವಾಗ ಕರಾರಿನ ಭಾಷೆಯನ್ನಾಡುವುದರಿಂದಲೇ ಜಗಳ ಬೆಳೆಯುತ್ತದೆಂದು ಅವನು ಗುರುತಿಸಿದ್ದಾನೆ. ನಮ್ಮ ಜನರು ಇದನ್ನೇ ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯಲ್ಲಿ ಹೇಳಿಕೊಂಡಿದ್ದಾರೆ. ಸ್ನೇಹ ಮತ್ತು ವ್ಯಾಪಾರ ಎರಡೂ ಇರಲಿ. ಆದರೆ ಯಾವ ಘಳಿಗೆಯಲ್ಲಿ ಸ್ನೇಹಿತನು ವ್ಯಾಪಾರಿಯಾದನೆಂಬುದು ಇಬ್ಬರಿಗೂ ಸ್ಪಷ್ಟವಾಗಿರಬೇಕು. ಮಾರುವ ವಸ್ತುವಿನಲ್ಲಿ ಅಡಗಿರುವ, ಕೊಳ್ಳುವವನಿಗೆ ಹಾನಿ ತರುವ ದೋಷವನ್ನು ಮಾರುವವನು ತಾನಾಗಿಯೇ ತಿಳಿಸಲು ಬದ್ಧನೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಉತಾರದಲ್ಲಿ ಕಾಣದ ವಾರಸುದಾರರು ಇಂಥ ಅಡಗಿದ ದೋಷವಲ್ಲದೆ ಮತ್ತೇನು?

‘ನಮ್ಮವರಲ್ಲಿ ಕಾಗದ ಕೇಳಿದರೆ ಅಪನಂಬಿಕೆ ತೋರಿದಂತಾಗದೇ?’ ಎಂದು ಕೆಲವರು ಅಳುಕುತ್ತಾರೆ. ಪವಿತ್ರ ಗ್ರಂಥವೇ ಇದಕ್ಕೆ ಉತ್ತರವಿತ್ತಿದೆ. ಪ್ರವಾದಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಬಾಬಿಲೋನಿಯದ ಸೈನ್ಯ ಜೆರುಸಲೇಮನ್ನು ಮುತ್ತಿದೆ, ಪ್ರವಾದಿ ಸೆರೆಯಲ್ಲಿದ್ದಾನೆ. ಆಗ ಚಿಕ್ಕಪ್ಪನ ಮಗನೇ ಬಂದು ಅನಾತೋತಿನ ಹೊಲವನ್ನು ಕೊಳ್ಳೆಂದು ಕೇಳುತ್ತಾನೆ. ಇದಕ್ಕಿಂತ ಹತ್ತಿರದ ಸಂಬಂಧ ಯಾವುದು? ಕೊಳ್ಳಬೇಕೆಂಬುದು ದೇವರ ಚಿತ್ತವೆಂದೂ ಪ್ರವಾದಿ ಬಲ್ಲ. ಆದರೂ ಅವನು 17 ಬೆಳ್ಳಿ ನಾಣ್ಯಗಳನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಪತ್ರ ಬರೆದು ಸಹಿ ಮಾಡಿ ಮುದ್ರೆಯೊತ್ತುತ್ತಾನೆ. ಸಾಕ್ಷಿಗಳಿಂದಲೂ ಸಹಿ ಮಾಡಿಸುತ್ತಾನೆ. ಮುದ್ರೆಯೊತ್ತಿದ ಪ್ರತಿ, ತೆರೆದ ಪ್ರತಿ ಎರಡನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿಡಲು ಬಾರೂಕನಿಗೆ ಒಪ್ಪಿಸುತ್ತಾನೆ. ದೇವರ ಮಾತಿನ ಮೇಲೆ ನಂಬಿಕೆಯಿಟ್ಟವನೇ ಪತ್ರವನ್ನು ಇಷ್ಟು ಜಾಗರೂಕತೆಯಿಂದ ಮಾಡಿಸಿದನೆಂದ ಮೇಲೆ, ಪತ್ರ ಕೇಳುವುದು ಅವಿಶ್ವಾಸವೆಂದು ಹೇಳುವ ಹಕ್ಕು ಯಾರಿಗಿದೆ? ಸಂಬಂಧ ಉಳಿಯಬೇಕೆಂಬವನೇ ಪತ್ರ ಮಾಡಿಸುತ್ತಾನೆ.

ನಮ್ಮ ಕಾಲದ ಕಾನೂನು ಈ ಮಡಕೆಯನ್ನು ಒದಗಿಸಿದೆ. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯ ಪ್ರಕಾರ ಯೋಜನಾ ಪ್ರದೇಶದಲ್ಲಿ 500 ಚದರ ಮೀಟರಿಗಿಂತ, ಅಂದರೆ ಸುಮಾರು ಐದು ಗುಂಟೆಗಿಂತ ದೊಡ್ಡದಾದ ಬಡಾವಣೆಯು ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಅಂಥ ಬಡಾವಣೆಯ ನಿವೇಶನ ಮಾರಿಕೊಡುವ ಮಧ್ಯವರ್ತಿಯೂ ನೋಂದಣಿ ಪಡೆದಿರಬೇಕು, ತನ್ನ ಪ್ರತಿ ವ್ಯವಹಾರದಲ್ಲಿ ಆ ಸಂಖ್ಯೆಯನ್ನು ನಮೂದಿಸಬೇಕು. ನೋಂದಣಿಯಿಲ್ಲದೆ ದಂಧೆ ನಡೆಸಿದರೆ ದಿನಕ್ಕೆ 10,000 ರೂಪಾಯಿಯಂತೆ ದಂಡವುಂಟು. ಮಾರಾಟದ ಕರಾರನ್ನು ನೋಂದಾಯಿಸದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡವನ್ನು ಬಡಾವಣೆಯವನು ಪಡೆಯುವಂತಿಲ್ಲ. ಹೊಲವನ್ನು ಮನೆಗಾಗಿ ಬಳಸಲು 1964ರ ಭೂಕಂದಾಯ ಕಾಯಿದೆಯಂತೆ ಪರಿವರ್ತನೆಯ ಆದೇಶ ಬೇಕು. ಕೇವಲ ಮುಖ್ತ್ಯಾರು ಪತ್ರದ ಮೇಲೆ ನಡೆಸಿದ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಸ್ಪಷ್ಟಪಡಿಸಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ನೀಡಿರುವುದರಿಂದ, ಮಾರುವ ಮನೆತನದ ಹೆಣ್ಣುಮಕ್ಕಳ ಸಹಿಯಿದೆಯೇ ಎಂದು ನೋಡುವುದು ಅತ್ಯವಶ್ಯ. ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆದರೆ ಆ ನೆಲದ ಮೇಲೆ ನೋಂದಾಯಿತವಾದ ಸಾಲ, ಅಡಮಾನಗಳ ವಿವರ ದೊರೆಯುತ್ತದೆ.

ಇಷ್ಟಾದರೂ ಕಾನೂನು ತಾನಾಗಿ ಯಾರ ಮನೆಗೂ ನಡೆದು ಬರುವುದಿಲ್ಲ. ಸಂಕೋಚವೆಂಬ ಗೋಡೆಯನ್ನು ನಾವೇ ದಾಟಬೇಕು. ಆದ್ದರಿಂದ ಮೂರು ಮಾತುಗಳನ್ನು ಹೇಳಬಯಸುತ್ತೇನೆ.

ಮೊದಲನೆಯದು, ಈ ವೃತ್ತಿಯಲ್ಲಿರುವ ನಮ್ಮ ಸಹೋದರರಿಗೆ. ನಿಮ್ಮ ದಲ್ಲಾಳಿ ಎಷ್ಟು, ಅದು ಯಾರಿಂದ ಬರುತ್ತದೆ, ಅದರಲ್ಲಿ ಯಾರಿಗೆ ಪಾಲು ಎಂಬುದನ್ನು ಮಾತು ಆರಂಭಿಸುವ ಮೊದಲೇ ಹೇಳಿಬಿಡಿ. ಕೇಳುವ ಮೊದಲೇ ಕಾಗದಪತ್ರಗಳ ನಕಲು ಕೈಗಿಡಿ. ಅಪರಿಚಿತನಿಗೆ ತೋರಿಸುವ ಎಚ್ಚರಕ್ಕಿಂತ ಎರಡು ಪಟ್ಟು ಎಚ್ಚರವನ್ನು ನಿಮ್ಮನ್ನು ನಂಬಿದವರ ವಿಷಯದಲ್ಲಿ ತೋರಿಸಬೇಕು, ಏಕೆಂದರೆ ಅವರು ನಿಮ್ಮನ್ನು ಪ್ರಶ್ನಿಸಲಾರರು.

ಎರಡನೆಯದು, ಕೊಳ್ಳುವ ಕುಟುಂಬಗಳಿಗೆ. ‘ನಾಳೆ ಬೇರೊಬ್ಬರು ಹಿಡಿಯುತ್ತಾರೆ’ ಎಂಬ ಮಾತು ಕೇಳಿದೊಡನೆ ಒಂದು ವಾರ ತಡೆಯಿರಿ. ನಿಮ್ಮದೇ ಆದ ವಕೀಲರಿಗೆ ದಾಖಲೆ ತೋರಿಸಿ. ಅವರಿಗೆ ಸಲ್ಲುವ ಶುಲ್ಕ ನಿಮ್ಮ ಜೀವಮಾನದ ಉಳಿತಾಯದ ಮುಂದೆ ಅಲ್ಪ. ಮುಳುಗಡೆಯ ಪರಿಹಾರ ಪಡೆಯುವ ನಿಮ್ಮ ನೆರೆಹೊರೆಯ ರೈತರಿಗೂ ಇದನ್ನು ತಿಳಿಸಿರಿ. ಅವರು ಯಾವ ಮತದವರಾದರೂ ನಮ್ಮವರೇ.

ಮೂರನೆಯದು, ನನ್ನನ್ನೂ ಸೇರಿಸಿ ಧರ್ಮಗುರುಗಳಿಗೆ, ಪಾಲನಾ ಸಮಿತಿಗಳಿಗೆ. ಬಲಿಪೀಠದಿಂದ ಯಾವ ವ್ಯವಹಾರದ ಹೆಸರೂ ಬಾರದಿರಲಿ. ದೇವಾಲಯದ ಗೇಟು ಫಲಕ ತೂಗುವ ಕಂಬವಾಗದಿರಲಿ. ದಾನ ಕೊಡುವವರು ಹೆಸರಿಲ್ಲದೆ ಕೊಡಲಿ, ಅದು ಹೇಗೂ ಶುಭಸಂದೇಶದ ಬೋಧನೆಯೇ ಆಗಿದೆ. ಅದರ ಬದಲು, ಕಾನೂನು ಬಲ್ಲ ಒಬ್ಬರು ಮತ್ತು ಕಂದಾಯ ದಾಖಲೆ ಓದಬಲ್ಲ ನಿವೃತ್ತ ನೌಕರರೊಬ್ಬರು ತಿಂಗಳಿಗೊಂದು ಭಾನುವಾರ ಅಂಗಳದಲ್ಲಿ ಕುಳಿತು, ಕಾಗದ ತಂದವರಿಗೆ ಓದಿ ಹೇಳುವಂತಾದರೆ ಎಷ್ಟೋ ಮನೆಗಳು ಉಳಿದಾವು.

ನಾನೀಗ ಹಬ್ಬದ ದಿನ ದಾನಿಗಳ ಪಟ್ಟಿಯನ್ನು ಓದುವುದಿಲ್ಲ. ಇದರಿಂದ ಕೆಲವರಿಗೆ ಬೇಸರವಾಗಿದೆ, ದೀಪಾಲಂಕಾರವೂ ಸ್ವಲ್ಪ ಮಂಕಾಗಿದೆ. ಆ ತಾಯಿಗೆ ನಾನು ಪತ್ರ ಬರೆದು ಕ್ಷಮೆ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.