ಸೊನ್ನೆಯನ್ನೂ ಬರೆಯಲಿ ಮಕ್ಕಳು

ಸುವರ್ಣಮುಖಿಗೆ ಅಡ್ಡವಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಬೋರನಕಣಿವೆ ಜಲಾಶಯ ತುಂಬುವುದೇ ಅಪರೂಪ. ಏರಿ ಮೇಲೆ ನಿಂತರೆ ನೀರೆಷ್ಟಿದೆ ಎಂದು ಯಾರಾದರೂ ಹೇಳುತ್ತಾರೆ. ಅದು ಮೇಲಿನ ಯಾವ ಊರಲ್ಲಿ ಬಿದ್ದ ಮಳೆ, ಬಿದ್ದದ್ದರಲ್ಲಿ ಎಷ್ಟು ಹರಿದು ಬಂತು, ಎಷ್ಟು ಇಂಗಿತು ಎಂದು ಕೇಳಿ, ಯಾರೂ ಬಾಯಿ ಬಿಡುವುದಿಲ್ಲ. ಈ ಲೆಕ್ಕಕ್ಕೆ ಮೊದಲು ಬೇಕಾದ ಮಳೆಯ ಅಳತೆಯನ್ನು ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಯ ಶಾಲಾ ಮಕ್ಕಳ ಕೈಗೆ ಕೊಡಬೇಕು. ವಿಜ್ಞಾನದ ಮೇಷ್ಟ್ರಾಗಿದ್ದು ಈಗ ತೆಂಗಿನ ತೋಟ ನೋಡಿಕೊಂಡಿರುವ ನನ್ನ ಮಾತು ಇದು.

ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆಯಲ್ಲ ಎನ್ನುವವರಿದ್ದಾರೆ. ಇವೆ, ಇರಲೇಬೇಕು. ಆದರೆ ಭರಣಿ, ಕೃತ್ತಿಕೆಯ ಗುಡುಗು ಮಳೆ ಒಂದೂರಿನ ತೋಟ ತೋಯಿಸಿ ಪಕ್ಕದೂರಲ್ಲಿ ದೂಳನ್ನೂ ಅಡಗಿಸದೆ ಹೋಗುತ್ತದೆ. ಊರೂರಿನ ಲೆಕ್ಕ ಬೇಕೆಂದರೆ ಊರೂರಿನ ಶಾಲೆಯೇ ಗತಿ.

ತೆಂಗಿನ ಸೀಮೆಯಲ್ಲಿ ಮಾಪಕ ಇಡಲು ಬಯಲು ಸಿಗುವುದೇ ಕಷ್ಟ. ಐವತ್ತಡಿ ಮರವಿದ್ದರೆ ಅದರಿಂದ ನೂರಡಿಯಾದರೂ ದೂರ ಇಡಬೇಕು. ಶಾಲೆಯ ಆಟದ ಬಯಲು ಅದಕ್ಕೆ ಹೇಳಿ ಮಾಡಿಸಿದ ಜಾಗ. ಹವಾಮಾನ ಇಲಾಖೆ ಅಳೆಯುವ ಬೆಳಿಗ್ಗೆ ಎಂಟೂವರೆಗೇ ಮಗು ಕೂತು, ನೀರಿನ ಮಟ್ಟಕ್ಕೆ ಕಣ್ಣು ತಂದು ಗೆರೆ ಓದಬೇಕು. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್, ಎಕರೆಗೆ ಸುಮಾರು 4,000 ಲೀಟರ್. ಈ ಗುಣಾಕಾರ ಬಂದ ಮಗು ಅಪ್ಪನ ತೋಟಕ್ಕೆ ಬಿದ್ದ ನೀರನ್ನು ತಾನೇ ಹೇಳುತ್ತದೆ. ಮಳೆ ಬಾರದ ದಿನ ಸೊನ್ನೆ ಬರೆಯಲೇಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಯಾರೂ ನೋಡಲಿಲ್ಲವೋ ಗೊತ್ತಾಗದು. ಅಂಥ ಪುಸ್ತಕ ಸಂಶೋಧಕರಿಗೆ ಉಪಯೋಗಕ್ಕೆ ಬಾರದು. 1995ರಲ್ಲಿ ಅಮೆರಿಕದಲ್ಲಿ ಶುರುವಾದ, ಭಾರತವೂ ಸೇರಿರುವ ಗ್ಲೋಬ್ ಕಾರ್ಯಕ್ರಮದಲ್ಲಿ ಮಕ್ಕಳು ಅಳೆದದ್ದನ್ನು ವಿಜ್ಞಾನಿಗಳು ಬಳಸುತ್ತಿರುವುದೂ ಇಂಥ ಶಿಸ್ತಿನಿಂದಲೇ.

ತೊಡಕಿರುವುದು ರಜೆಯಲ್ಲಿ. ಮುಂಗಾರು ಪೂರ್ವದ ಮಳೆ ಬೇಸಿಗೆ ರಜೆಯಲ್ಲಿ ಬೀಳುತ್ತದೆ. ನಮ್ಮ ಕಡೆ ಕೆರೆಗೆ ನೀರು ತರುವ ಹಸ್ತ, ಚಿತ್ತೆ ಮಳೆ ದಸರಾ ರಜೆಯ ಹೊತ್ತಿಗೇ ಬರುತ್ತದೆ. ಶಾಲೆಯ ಬಾಗಿಲು ಮುಚ್ಚಿದರೆ ಮುಖ್ಯ ಮಳೆಯೇ ಲೆಕ್ಕ ತಪ್ಪುತ್ತದೆ. ಶಾಲೆ ಪಕ್ಕದ ಮನೆಯ ಮಕ್ಕಳಿಗೆ ರಜೆಯ ಸರದಿ ಹಂಚಿ, ಗೇಟಿನ ಬೀಗದ ಕೈ ಅವರ ಮನೆಯಲ್ಲೇ ಇರುವಂತೆ ಮಾಡಬೇಕು.

ಜಲಾಶಯದ ಮೇಲ್ಭಾಗದ ಊರುಗಳ ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿಯವರು ಮುಂದಿನ ಸಭೆಯಲ್ಲೇ ಇದನ್ನು ಎತ್ತಿಕೊಳ್ಳಿ. ಒಂದು ಮಾಪಕ, ಒಂದು ಪುಸ್ತಕ, ರಜೆಯ ಸರದಿ ಪಟ್ಟಿ, ಇಷ್ಟಿದ್ದರೆ ಮುಂದಿನ ಭರಣಿಗೆ ಶುರು ಮಾಡಬಹುದು.