ತೈವಾನಿನ ಅಡಿಕೆ ತೋಟಕ್ಕೆ ಬಂದ ಓತಿ

ತೈವಾನಿನಲ್ಲಿ ಅಡಿಕೆ ಬೆಳೆಯುತ್ತಾರೆ ಅಂತ ನಮ್ಮಲ್ಲಿ ತುಂಬ ಜನಕ್ಕೆ ಗೊತ್ತು. ಅವರು ನಮ್ಮ ಹಾಗೆ ಒಣಗಿಸಿ ಸುಲಿಯುವವರಲ್ಲ. ಎಳೆಯ ಹಸಿರು ಕಾಯನ್ನೇ ಜಗಿಯುವವರು. ತೋಟ ಮಾತ್ರ ನಮ್ಮದೇ ಥರ. ಅದೇ ನೆರಳು, ಅದೇ ತೇವ, ಬುಡದಲ್ಲಿ ಅದೇ ಸೋಗೆ, ಹಾಳೆ. ಅಂಥ ತೋಟಗಳಿರುವ ಚಿಯಾಯಿ ಜಿಲ್ಲೆಯ ಸಾಂಜಿಯೆಪು ಎಂಬ ಜಾಗದಲ್ಲಿ 2000ನೇ ಇಸವಿಯಲ್ಲಿ ಒಂದು ಕಂದು ಓತಿ ಕಣ್ಣಿಗೆ ಬಿತ್ತು. ಹೆಸರು ಬ್ರೌನ್ ಅನೋಲ್. ಹುಟ್ಟೂರು ಕ್ಯೂಬಾ ಮತ್ತು ಬಹಾಮಾ ದ್ವೀಪಗಳು. ಭೂಮಿಯ ಆಚೆ ಬದಿ!

ಅಷ್ಟು ದೂರದಿಂದ ಇದು ಈಜಿ ಬಂದದ್ದಲ್ಲ. ಹೊರಗಿನಿಂದ ತರಿಸಿದ ಅಲಂಕಾರದ ಗಿಡಗಳ ಜತೆ ಬಂದಿರಬೇಕು ಎಂಬುದು ಅಲ್ಲಿ ಇದರ ಬೆನ್ನು ಹತ್ತಿದವರ ಅಂದಾಜು. ಸಿಂಗಾಪುರದಲ್ಲಿ 2012ರಲ್ಲಿ ಇದೇ ಓತಿ ಮೊದಲು ಕಂಡದ್ದೂ ‘ಗಾರ್ಡನ್ಸ್ ಬೈ ದ ಬೇ’ ಎಂಬ ದೊಡ್ಡ ಹೂದೋಟದಲ್ಲಿ. ಪ್ರಪಂಚದ ಮೂಲೆಮೂಲೆಯ ಗಿಡ ತಂದು ನೆಟ್ಟ ಜಾಗ ಅದು. ಹೆಣ್ಣು ಅನೋಲ್ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಆದರೆ ಋತು ಪೂರ್ತಿ ವಾರಕ್ಕೋ ಎರಡು ವಾರಕ್ಕೋ ಒಂದರಂತೆ ಇಡುತ್ತಲೇ ಇರುತ್ತದೆ. ಇಡುವುದು ತೇವ ಇರುವ ಸಡಿಲ ಮಣ್ಣಿನಲ್ಲಿ, ಕಸದ ಅಡಿಯಲ್ಲಿ. ಅಂದರೆ ಹೂಕುಂಡದ ಮಣ್ಣು ಅದಕ್ಕೆ ಹೇಳಿ ಮಾಡಿಸಿದ ಹಾಗೆ. ಗಿಡ ಪೇಟೆಗೆ ಹೋಗುತ್ತದೆ, ಮೊಟ್ಟೆ ಸವಾರಿ ಹೋಗುತ್ತದೆ. ಗಿಡದ ಎಲೆ ನೋಡುವವರಿದ್ದಾರೆ, ಬೇರು ನೋಡುವವರಿದ್ದಾರೆ, ಮಣ್ಣು ಕೆದಕಿ ನೋಡುವವರು ಯಾರು?

“ಅದೆಂತ ಮಾರಾಯ್ರೆ, ಓತಿಯಲ್ಲವಾ, ಹುಳ ತಿನ್ನಲಿ ಬಿಡಿ” ಅಂತ ನಮ್ಮ ನೆರೆಯವರೊಬ್ಬರು ಅಂದರು. ಅವರ ಮಾತು ಪೂರ್ತಿ ತಪ್ಪಲ್ಲ. ಅನೋಲ್ ಅಡಿಕೆ ತಿನ್ನುವುದಿಲ್ಲ, ಸಿಂಗಾರ ಕೆಡಿಸುವುದಿಲ್ಲ. ಇರುವೆ, ಜೇಡ, ಸಣ್ಣಪುಟ್ಟ ಕೀಟ ಅದರ ಊಟ. ಸಾಂಜಿಯೆಪುವಿನ ಅಡಿಕೆ ತೋಟಗಳಲ್ಲಿ ಅದರ ಹೊಟ್ಟೆ ಬಗೆದು ನೋಡಿದವರಿಗೂ ಸಿಕ್ಕಿದ್ದು ಹೆಚ್ಚಾಗಿ ಇಂಥವೇ. ಆದರೆ ಅದೇ ತೋಟದಲ್ಲಿ ಆ ದೇಶದ ಹಳೇ ಓತಿಯೂ ಇದೆ. ಅದೇ ಮರ, ಅದೇ ಇರುವೆ. ಹೊಸಬ ದಿನದಿನಕ್ಕೆ ಹೆಚ್ಚಿದಾಗ ಹಳಬನ ಪಾಲಿಗೆ ಎಷ್ಟು ಉಳಿದೀತು ಎಂಬುದೇ ಅಲ್ಲಿಯವರ ಚಿಂತೆ. ಮತ್ತೆ, ಜೇಡ ಕಮ್ಮಿಯಾದರೆ ತೋಟಕ್ಕೆ ಲಾಭವೋ ನಷ್ಟವೋ ಅಂತ ಕೃಷಿಕರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಂತ ಎಲ್ಲ ಪರದೇಶಿ ಓತಿಯೂ ಹುಳ ತಿಂದು ಸುಮ್ಮನಿರುವುದಿಲ್ಲ. ಅದೇ ತೈವಾನಿನ ದಕ್ಷಿಣ ಭಾಗದಲ್ಲಿ, ಅಡಿಕೆಗೆ ಹೆಸರಾದ ಪಿಂಗ್‌ಟುಂಗ್ ಜಿಲ್ಲೆಯಲ್ಲಿ ಕೂಡಾ, ಹಸಿರು ಇಗುವಾನ ಸೇರಿಕೊಂಡಿದೆ. ಇದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಪ್ರಾಣಿ. ಪೇಟೆಯವರು ಸಾಕಲಿಕ್ಕೆಂದು ಅಂಗೈಯಗಲದ ಮರಿ ತಂದರು. ಮರಿ ಚಂದ, ಪಚ್ಚೆ ಬಣ್ಣ, ಸೊಪ್ಪು ಕೊಟ್ಟರೆ ತಿನ್ನುತ್ತದೆ. ನಾಲ್ಕು ವರ್ಷ ಆದಾಗ ಬಾಲ ಸೇರಿ ಐದು ಅಡಿ. ಗೂಡು ಸಾಲುವುದಿಲ್ಲ, ಉಗುರು ತಾಗುತ್ತದೆ, ಮನೆಯವರಿಗೆ ಬೇಜಾರು. ಒಂದು ದಿನ ಕಾರಿನಲ್ಲಿ ಹಾಕಿಕೊಂಡು ಹೋಗಿ ತೋಡಿನ ಬದಿಯಲ್ಲಿ ಬಿಟ್ಟು ಬಂದರು. ಆ ತೋಡಿನ ಆಚೆ ಇರುವುದು ಯಾರ ಗದ್ದೆ? ಹೆಣ್ಣು ಒಂದು ಸಲಕ್ಕೆ 20ರಿಂದ 70 ಮೊಟ್ಟೆ ಇಡುತ್ತದೆ. 2025ರ ಹೊತ್ತಿಗೆ ಅಲ್ಲಿ ಸುಮಾರು 2 ಲಕ್ಷ ಇಗುವಾನ ಇರಬಹುದೆಂದು ಲೆಕ್ಕ ಹಾಕಿದ್ದರು. ಎಳೆ ಚಿಗುರು, ತರಕಾರಿ ಸಸಿ ಅದಕ್ಕೆ ಇಷ್ಟ. 2024ರಲ್ಲಿ ತಂಡ ಕಟ್ಟಿ, ತಲೆಗೆ 15 ಅಮೆರಿಕನ್ ಡಾಲರ್‌ವರೆಗೆ ಕೊಟ್ಟು ಸುಮಾರು 70,000 ಕೊಲ್ಲಿಸಿದರು. 2025ಕ್ಕೆ 1,20,000ವರೆಗೆ ಕೊಲ್ಲುವ ಯೋಜನೆ ಹಾಕಿದರು. ಥಾಯ್ಲೆಂಡಿನ ಲೋಪ್‌ಬುರಿ ಪ್ರಾಂತದ ರೈತರೂ 2023ರಲ್ಲಿ ಇದೇ ದೂರು ಹೇಳಿದ್ದಾರೆ. ಪೋರ್ಟೊರಿಕೊ ದ್ವೀಪದಲ್ಲಂತೂ 2012ರ ಹೊತ್ತಿಗೆ ಸುಮಾರು 40 ಲಕ್ಷ ಇಗುವಾನ ಅಂತ ಅಂದಾಜು ಮಾಡಿದ್ದರು. ಅಲ್ಲಿನ ಮನುಷ್ಯರೇ ಅಷ್ಟಿಲ್ಲ! ಕುಂಬಳಕಾಯಿ, ಕಲ್ಲಂಗಡಿ ಬೆಳೆದವರ ಪಾಡು ಬೇಡ. ವಿಮಾನ ಇಳಿಯುವ ರನ್‌ವೇಯಲ್ಲೂ ಬಿಸಿಲು ಕಾಯಿಸುತ್ತ ಮಲಗುವುದುಂಟು.

ಅಮೆರಿಕದ ಫ್ಲೋರಿಡಾದಲ್ಲಿ ಒಂದು ಸಣ್ಣ ತಡೆ ಇದೆ. ಚಳಿ ಜೋರಾದ ವರ್ಷ, 2018ರ ಜನವರಿಯಲ್ಲಿ ಆದ ಹಾಗೆ, ಇಗುವಾನಗಳು ಮರಗಟ್ಟಿ ಮರದಿಂದ ದೊಪ್ಪನೆ ಉದುರುತ್ತವೆ. ಕೆಲವು ಸಾಯುತ್ತವೆ. ನಮ್ಮ ಕರಾವಳಿಯಲ್ಲಿ ಅಂಥ ಚಳಿ ಯಾವ ಕಾಲಕ್ಕೆ ಬಂದಿತ್ತು? ಇಲ್ಲಿಗೆ ಬಂದರೆ ಅದಕ್ಕೆ ಹನ್ನೆರಡು ತಿಂಗಳೂ ಸುಖ.

ಬಂದರೆ ತಾನೆ, ಅನ್ನಬಹುದು. 2023ರ ಆಗಸ್ಟ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಯಲ್ಲಿ 234 ಪ್ರಾಣಿ ಸಿಕ್ಕಿದವು. ಹೆಬ್ಬಾವು, ಆಮೆ, ಮೊಸಳೆ ಮರಿ, ಒಂದು ಕಾಂಗರೂ ಮರಿ. ಇಗುವಾನವೂ ಇತ್ತು. ಇದು ಸಿಕ್ಕಿಬಿದ್ದ ಲೆಕ್ಕ. ಸಿಕ್ಕಿಬೀಳದೆ ಮನೆ ಸೇರಿದ್ದು ಎಷ್ಟೋ. ಪರದೇಶದ ಇಂಥ ಪ್ರಾಣಿ ಸಾಕುವವರು ಸರಕಾರದಲ್ಲಿ ನೋಂದಣಿ ಮಾಡಿಸಬೇಕು ಅಂತ 2024ರಲ್ಲಿ ನಿಯಮ ಬಂತು. ಒಳ್ಳೆಯದೇ. ಆದರೆ ನೋಂದಣಿ ಪುಸ್ತಕದಲ್ಲಿ ಇರುವುದು ಸಾಕಿದವನ ಹೆಸರು. ಬೇಜಾರಾಗಿ ಬಿಟ್ಟ ಮೇಲೆ ಅದು ಹೋಗುವುದು ಪುಸ್ತಕದಲ್ಲಿ ಹೆಸರಿಲ್ಲದ ನಮ್ಮಂಥವರ ತೋಟಕ್ಕೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಪೇಟೆಯವರನ್ನು ಬೈದು ನಾವು ಪಾರಾಗುವ ಹಾಗಿಲ್ಲ. ಇಂಥ ಸಾಗಾಟದಲ್ಲಿ ಬೇಸಾಯದವರ ಪಾಲೂ ಸಣ್ಣದಲ್ಲ. ನಮ್ಮ ಬೇಲಿ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತವನ್ನೇ ನೋಡಿ. ಮಾರಿಷಸ್, ರಿಯೂನಿಯನ್ ದ್ವೀಪಗಳಲ್ಲಿ ಅದೇ ಜಾತಿಯದ್ದು ಪರದೇಶಿ. ರಿಯೂನಿಯನ್‌ಗೆ ಅದು ಹೋದದ್ದು 19ನೇ ಶತಮಾನದಲ್ಲಿ, ಜಾವಾದಿಂದ ತರಿಸಿದ ಕಬ್ಬಿನ ಬಿತ್ತನೆ ತುಂಡುಗಳ ನಡುವೆ. ಅಲ್ಲಿಯ ಚಂದದ ಹಸಿರು ಹಲ್ಲಿಗಳಿಗೆ ಇದು ಈಗ ಒಂದು ಕಂಟಕ. ಕಬ್ಬು ತರಿಸಿದವರು ಓತಿ ಬೇಕು ಅಂತ ಬರೆದಿರಲಿಲ್ಲ!

ಬೇಕೆಂದೇ ತಂದ ಕತೆ ಇನ್ನೂ ಮಜಾ. ಎರಡನೇ ಮಹಾಯುದ್ಧದ ಮೊದಲು ಪೆಸಿಫಿಕ್ ಸಾಗರದ ಮೈಕ್ರೊನೇಷಿಯಾದ ದ್ವೀಪಗಳು ಜಪಾನಿನವರ ಕೈಯಲ್ಲಿದ್ದವು. ಇಲಿ ಕಾಟ ಕಮ್ಮಿಯಾಗಲಿ ಅಂತ ಅವರು ಉಡ ತಂದು ಕೆಲವು ದ್ವೀಪಗಳಲ್ಲಿ ಬಿಟ್ಟರು. ಲೆಕ್ಕ ಸರಿಯಾಗಿಯೇ ಇತ್ತು, ಉಡ ಇಲಿ ತಿನ್ನುತ್ತದೆ. ಒಂದೇ ಒಂದು ಮರೆತರು. ಇಲಿ ಓಡಾಡುವುದು ರಾತ್ರಿ, ಉಡ ಹಗಲು. ಇಬ್ಬರಿಗೆ ಭೇಟಿಯೇ ಕಮ್ಮಿ. ಹಗಲು ಹೊತ್ತು ಕೈಗೆ ಸಿಗುವುದು ಕೋಳಿ. ಉಡ ಕೋಳಿಗೂಡಿಗೆ ಹೋಯಿತು. ಇಲಿ ತೆಂಗಿನ ಮರದಲ್ಲಿ ಸುಖವಾಗಿತ್ತು. “ಇಂಥದ್ದನ್ನು ತಂದು ಬಿಟ್ಟರೆ ಇಲಿ ಹೋಗುತ್ತದೆ, ಹುಳ ಹೋಗುತ್ತದೆ” ಅಂತ ಯಾರಾದರೂ ಸಲಹೆ ಕೊಡಲು ಬಂದಾಗ ನನಗೆ ಈ ಉಡ ನೆನಪಾಗುತ್ತದೆ.

ನಾವು ಬೆಳೆಯುವ ಗೇರು, ಕೊಕ್ಕೊ, ರಬ್ಬರು, ಅನನಾಸು ಎಲ್ಲ ಹೊರಗಿನದ್ದೇ ಅಲ್ಲವಾ ಅಂತ ಕೇಳುವವರಿದ್ದಾರೆ. ಹೌದು. ಹೊರಗಿನದೆಲ್ಲ ಕೆಟ್ಟದ್ದು ಅಂತ ನನ್ನ ವಾದ ಅಲ್ಲ. ಗೇರು ನಾವು ನೆಟ್ಟಲ್ಲಿ ನಿಂತಿದೆ, ಬೇಡವಾದರೆ ಕಡಿಯಬಹುದು. ಇಗುವಾನವನ್ನು ಕಡಿದು ಮುಗಿಸಿದ ಊರು ಯಾವುದು?

ಮೊದಲನೆಯದ್ದು ಕಂಡ ದಿನಕ್ಕೂ ಇನ್ನು ಏನೂ ಮಾಡಲಾಗದು ಅನ್ನುವ ದಿನಕ್ಕೂ ನಡುವೆ ಸ್ವಲ್ಪ ಕಾಲ ಇರುತ್ತದೆ. ಹತ್ತೋ ಇಪ್ಪತ್ತೋ ಇರುವಾಗ ಹಿಡಿದು ಮುಗಿಸಬಹುದು. ಲಕ್ಷ ಆದ ಮೇಲೆ ಬಹುಮಾನ ಕೊಟ್ಟು ಕೊಲ್ಲಿಸುತ್ತ ಕೂತಿರಬೇಕು. ಆ ನಡುವಿನ ಕಾಲದಲ್ಲಿ ಅದನ್ನು ನೋಡುವವನು ವಿಜ್ಞಾನಿಯಲ್ಲ. ಬೆಳಗ್ಗೆ ಹುಲ್ಲಿಗೆ ಹೋದವನು, ಕಣಿ ಬಿಡಿಸುವವನು, ಅಡಿಕೆ ಹೆಕ್ಕುವ ಹೆಂಗಸು. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ನೆನಪಿರಬಹುದು, ಹಾರುವ ಓತಿಯನ್ನು ಮೊದಲು ಕಂಡವನು ಹಳ್ಳಿಯ ಮಂದಣ್ಣ. ಅವನ ಮಾತಿಗೆ ಕಿವಿ ಕೊಡುವ ಒಬ್ಬ ವಿಜ್ಞಾನಿ ಅಲ್ಲಿದ್ದರು. ನಮಗೆ ಕಣ್ಣು ಇದೆ, ಕಿವಿ ಕೊಡುವವರು ಎಲ್ಲಿ?

ನನಗೇ ಆದದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ದೂರದ ಒಂದು ನರ್ಸರಿಯಿಂದ ಮೂವತ್ತು ಜಾಯಿಕಾಯಿ ಸಸಿ ತಂದೆ. ಜೀಪಿನಿಂದ ಇಳಿಸುವಾಗ ಎರಡು ತೊಟ್ಟೆಗಳ ಅಡಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಬಸವನಹುಳು ಅಂಟಿತ್ತು. ಮಗಳು ಆಟಕ್ಕೆ ತೆಗೆದುಕೊಂಡಳು. ಸಂಜೆ ತೋಟಕ್ಕೆ ಎಸೆದೆವು. ಎರಡನೇ ಮಳೆಗಾಲಕ್ಕೆ ಪಪ್ಪಾಯಿ ಸಸಿ ಒಂದೂ ಉಳಿಯಲಿಲ್ಲ, ವೀಳ್ಯದ ಬಳ್ಳಿ ಬೋಳಾಯಿತು. ಆಫ್ರಿಕನ್ ಬಸವನಹುಳು! 1847ರಲ್ಲಿ ಒಬ್ಬ ಇಂಗ್ಲಿಷಿನವ ಕೊಲ್ಕತಾಕ್ಕೆ ತಂದು ಬಿಟ್ಟದ್ದು, ನಮ್ಮ ಅಂಗಳಕ್ಕೆ ಬರಲು ಅಷ್ಟು ವರ್ಷ ತಗೊಂಡಿತು, ಉಳಿದ ದಾರಿಗೆ ನಾನೇ ಬಾಡಿಗೆ ಕೊಟ್ಟೆ. ಡಬ್ಬದಲ್ಲಿ ನಾಲ್ಕು ಹುಳು ಹಾಕಿಕೊಂಡು ಒಂದು ಕಚೇರಿಗೆ ಹೋದೆ. “ಇದು ಕೀಟ ಅಲ್ಲ, ನಮ್ಮ ವಿಭಾಗಕ್ಕೆ ಬರುವುದಿಲ್ಲ” ಅಂದರು. ಇನ್ನೊಂದು ಕಚೇರಿಯಲ್ಲಿ “ಇದು ಕಾಡುಪ್ರಾಣಿ ಅಲ್ಲ” ಅಂದರು. ಮನೆಗೆ ಬಂದು ರಾತ್ರಿ ಟಾರ್ಚ್ ಹಿಡಿದು ಒದ್ದೆ ಗೋಣಿಯ ಅಡಿಯಿಂದ ಹೆಕ್ಕಿ ಉಪ್ಪುನೀರಿಗೆ ಹಾಕಿದೆ. ಈಗಲೂ ಪ್ರತಿ ಮಳೆಗಾಲ ಹೆಕ್ಕುತ್ತಿದ್ದೇನೆ. ನಾಳೆ ಕೆಂಪು ಗಂಟಲಿನ ಓತಿ ಹಿಡಿದುಕೊಂಡು ಹೋದರೆ ಅದು ಯಾವ ವಿಭಾಗಕ್ಕೆ ಬರುತ್ತದೆ?

2016ರಲ್ಲಿ ಪೊಳ್ಳಾಚಿ ಕಡೆ ಕಂಡ ಸುರುಳಿ ಬಿಳಿನೊಣ ನಮ್ಮ ತೆಂಗಿಗೆ ಬಂದು ಗರಿಯೆಲ್ಲ ಮಸಿ ಬಳಿದ ಹಾಗಾದದ್ದು ಎಲ್ಲರೂ ನೋಡಿದ್ದೇವೆ. ಹುಳ, ನೊಣ, ಬಸವನಹುಳು, ಓತಿ, ಯಾವುದೇ ಆಗಲಿ ಬರುವ ಬಾಗಿಲು ಬಹಳ ಸಲ ಒಂದೇ. ಸಸಿ ಮತ್ತು ಅದರ ಮಣ್ಣು. ಆದ್ದರಿಂದ ತಾಲೂಕಿಗೆ ಒಂದಾದರೂ ಜಾಗ ಬೇಕು. ನಾವು ಹೊಸ ಪ್ರಾಣಿ ಕಂಡರೆ, ಹೊಸ ಹುಳ ಕಂಡರೆ, ಹೊಸ ಕಳೆ ಕಂಡರೆ ತೋರಿಸಲಿಕ್ಕೆ. ಕೃಷಿ ವಿಜ್ಞಾನ ಕೇಂದ್ರವೇ ಆಗಲಿ, ತೋಟಗಾರಿಕೆಯವರೇ ಆಗಲಿ, ಅರಣ್ಯದವರೇ ಆಗಲಿ. ವಿಭಾಗ ಯಾವುದು ಅಂತ ಅವರೊಳಗೆ ಅವರು ತೀರ್ಮಾನ ಮಾಡಿಕೊಳ್ಳಲಿ, ನಮ್ಮನ್ನು ಓಡಾಡಿಸುವುದು ಬೇಡ. ಇದಕ್ಕೆ ಕೋಟಿ ರೂಪಾಯಿ ಬೇಡ, ಒಂದು ಫೋನು ಮತ್ತು ಅದನ್ನು ಎತ್ತುವ ಒಬ್ಬರು ಸಾಕು.

ಒಂದು ಹೆದರಿಕೆ ಮಾತ್ರ ಇದೆ. ಇದನ್ನೆಲ್ಲ ಓದಿ ಯಾರಾದರೂ ಕಂಡಕಂಡ ಓತಿಗೆ ಕಲ್ಲು ಹೊಡೆಯಲು ಹೊರಟರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ. ನಮ್ಮ ಉಡ ನಮ್ಮದೇ. ಅದನ್ನು ಕೊಂದರೆ ಜೈಲು. ಇಗುವಾನಕ್ಕೆ ಗಂಟಲಿನ ಅಡಿಯಲ್ಲಿ ದೊಡ್ಡ ಚರ್ಮದ ಜೋಲು, ಕಿವಿಯ ಕೆಳಗೆ ನಾಲ್ಕಾಣೆಯಷ್ಟು ದುಂಡಗಿನ ಒಂದು ಹುರುಪೆ, ಬೆನ್ನುದ್ದಕ್ಕೂ ಮುಳ್ಳಿನ ಸಾಲು. ಉಡಕ್ಕೆ ಇದು ಯಾವುದೂ ಇಲ್ಲ. ಓತಿಕ್ಯಾತಕ್ಕೆ ಮುಳ್ಳು ಇದೆ, ಆದರೆ ಬಾಲ ಸೇರಿದರೂ ಒಂದು ಅಡಿಗೆ ಸ್ವಲ್ಪ ಮೇಲೆ, ಅಷ್ಟೆ. ಅನೋಲ್ ಗಂಡು ಗಂಟಲಿನ ಅಡಿಯಿಂದ ಕೆಂಪು ಕಿತ್ತಳೆ ಬಣ್ಣದ ಬೀಸಣಿಗೆ ಬಿಚ್ಚಿ ಮುಚ್ಚಿ ಮಾಡುತ್ತದೆ. ಇರುವುದು ಹೆಚ್ಚಾಗಿ ಮರದ ಬುಡದ ಹತ್ತಿರ, ನೆಲದ ಮೇಲೆ.

ನಾನು ಈಗ ಹೊರಗಿನಿಂದ ತಂದ ಸಸಿಯನ್ನು ನೇರ ತೋಟಕ್ಕೆ ಒಯ್ಯುವುದಿಲ್ಲ. ಅಂಗಳದ ಮೂಲೆಯಲ್ಲಿ ಸಿಮೆಂಟಿನ ನೆಲದ ಮೇಲೆ ಒಂದು ತಿಂಗಳು ಇಡುತ್ತೇನೆ, ತೊಟ್ಟೆಯ ಅಡಿ ನೋಡುತ್ತೇನೆ, ಮೇಲಿನ ಮಣ್ಣು ಬೆರಳಲ್ಲಿ ಕೆದಕುತ್ತೇನೆ. ಮನೆಯವರು ನಗುತ್ತಾರೆ. ಹೋದ ಫೆಬ್ರವರಿಯಲ್ಲಿ ನಮ್ಮ ಕೊಯ್ಲಿನವ ಮರದಿಂದ ಇಳಿದವನೇ “ಅಣ್ಣ, ಮೇಲೆ ಒಂದು ಹೊಸ ನಮೂನೆ ಉಂಟು, ಗಂಟಲಿನಲ್ಲಿ ಎಂತದೋ ಆಡಿಸ್ತದೆ” ಅಂದ. ನನಗೆ ಎದೆ ಧಸಕ್ ಅಂತು. ಬಣ್ಣ ಯಾವುದು ಕೇಳಿದೆ. ಹಳದಿ ಅಂದ. ಅಷ್ಟರಲ್ಲಿ ಅದು ಪಕ್ಕೆಲುಬು ಅಗಲಿಸಿ ಆ ಮರದಿಂದ ಈ ಮರಕ್ಕೆ ತೇಲಿಕೊಂಡು ಬಂತು. ನಮ್ಮ ಹಾರುವ ಓತಿ. ಇಪ್ಪತ್ತು ವರ್ಷದಿಂದ ಮರ ಹತ್ತುವವನಿಗೆ ಅದು ಈಗ ಕಣ್ಣಿಗೆ ಬಿದ್ದದ್ದು.